ಗಾಳೆಮ್ಮ ಹೂಳಿಸಿಕೊಳ್ಳಲಿಲ್ಲ

ನಳದ ಕೆಳಗಿಟ್ಟ ಕೊಡ ತುಂಬಿ ಹರಿಯುತ್ತಿತ್ತು. ನಾನು ಕಟ್ಟೆಯ ಮೇಲೆ ಕುಳಿತು ಪೇಪರ್ ಓದುತ್ತಿದ್ದೆ. ನಮ್ಮೂರಲ್ಲಿ ನಳಕ್ಕೆ ನೀರು ಬರುವುದು ಮೂರು ದಿನಕ್ಕೊಮ್ಮೆ, ಮುಂಜಾನೆ ಆರಕ್ಕೆ. ಆ ಹೊತ್ತಿನಲ್ಲಿ ಒಂದು ತಂಬಿಗೆ ನೀರು ಚೆಲ್ಲಿದರೂ ಓಣಿಗೆಲ್ಲ ಕೇಳುವಂತೆ ಬೈಯುವವಳು ನನ್ನ ಹೆಂಡತಿ ಗಾಳೆಮ್ಮ. ಅವತ್ತು ನೀರು ಅಂಗಳ ದಾಟಿ ಓಣಿಗೆ ಹೊರಟಿತ್ತು.

"ಏ ಬೇ, ನೀರು ಹರದು ಹೊಂಟೈತಿ. ಕಣ್ಣು ಕಾಣವಲ್ವೇನು?" ಅಂದೆ.

ಉತ್ತರ ಬರಲಿಲ್ಲ. ಪುಟ ತಿರುಗಿಸಿದೆ. ಮತ್ತೆ ಕೂಗಿದೆ. ಮೂರನೇ ಸಲ ಎದ್ದು ಹೋದೆ, ಜಗಳ ಮಾಡಲೆಂದೇ ಹೋದೆ. ಅವಳು ಗೋಡೆಗೆ ಬೆನ್ನು ಕೊಟ್ಟು ಕುಳಿತಿದ್ದಳು. ಒಂದು ಕೈ ಖಾಲಿ ಕೊಡದ ಕಂಠ ಹಿಡಿದಿತ್ತು. ಕಣ್ಣು ತೆರೆದಿದ್ದವು. ನಾನು ಮೊದಲು ಮಾಡಿದ ಕೆಲಸ ನಳ ಬಂದ್ ಮಾಡಿದ್ದು. ಬರೆಯಲು ನಾಚಿಕೆ, ಆದರೆ ಆದದ್ದು ಹಾಗೆ. ನಳ ಬಂದ್ ಮಾಡಿ ಆಮೇಲೆ ಅವಳ ಹೆಗಲು ಅಲ್ಲಾಡಿಸಿದೆ. ಕೊಡ ಉರುಳಿತು. ಅವಳು ಅಲ್ಲಾಡಿದಳು, ಎದ್ದೇಳಲಿಲ್ಲ.

ಪಕ್ಕದ ಮನೆಯ ಲಾಲ್‌ಬೀ ಕೊಡದ ಸಪ್ಪಳ ಕೇಳಿ ಬಂದಳು. ಮೂವತ್ತು ವರ್ಷ ಗಾಳೆಮ್ಮನ ಜೊತೆ ಭತ್ತ ನಾಟಿ ಮಾಡಿದವಳು. ಮೂಗಿನ ಕೆಳಗೆ ಅಂಗೈ ಇಟ್ಟು ನೋಡಿದಳು, ಕೊರಳಿಗೆ ಬೆರಳಿಟ್ಟು ನೋಡಿದಳು, ಕಣ್ಣು ಮುಚ್ಚಿಸಿದಳು.

"ಹೋಗ್ಯಾಳ ಪಕೀರಣ್ಣ," ಅಂದಳು.

"ಎಲ್ಲಿಗೆ?" ಅಂದೆ ನಾನು.

ಅರವತ್ತೊಂಬತ್ತು ವರ್ಷದ ಮನುಷ್ಯ, ನಲವತ್ತೈದು ವರ್ಷ ಚಳವಳಿಯಲ್ಲಿದ್ದವನು, ಲಾಠಿ ಕಂಡವನು, ಜೈಲು ಕಂಡವನು, ಕೇಳಿದ ಪ್ರಶ್ನೆ ಅದು. ಹಿಂದಿನ ದಿನ ಅವಳು ಮಸ್ಕಿ ಸಂತೆಗೆ ಹೋಗಿ ಬಂದಿದ್ದಳು. ಸೌತೆಕಾಯಿ ಕಹಿ ಇದ್ದವೆಂದು ಮರಳಿ ಹೋಗಿ ಮಾರುವವನ ಮುಂದೆ ಒಂದನ್ನು ಮುರಿದು ಅವನಿಗೇ ತಿನ್ನಿಸಿ, ಬದಲಿ ಇಸಿದುಕೊಂಡು ಬಂದಿದ್ದಳು. ಒಳಗೆ ಹಿಟ್ಟು ನಾದಿ ಮುಚ್ಚಿಟ್ಟಿದ್ದಳು. ಇಂಥವಳು ಹೇಗೆ ಸಾಯುತ್ತಾಳೆ?

ಏಳು ಗಂಟೆಗೆ ಓಣಿ ತುಂಬಿತು. ಮಗ ಗಂಗಾಧರ ಲಿಂಗಸುಗೂರಿನಲ್ಲಿ ಹೈಸ್ಕೂಲ್ ಮಾಸ್ತರ. ಅವನಿಗೆ ಫೋನ್ ಹೋಯಿತು. ಅವನ ಮಗಳು ದೀಪಾ ಸಿಂಧನೂರಿನ ದವಾಖಾನೆಯಲ್ಲಿ ನರ್ಸ್. ಅವಳಿಗೂ ಹೋಯಿತು. ಲಾಲ್‌ಬೀಯ ಗಂಡ ಹುಸೇನ್‌ಸಾಬ್ ನನ್ನ ಮುಂದೆ ಬಂದು ನಿಂತ. ನಮ್ಮ ಕೇರಿಯ ಸ್ಮಶಾನದಲ್ಲಿ ಯಾರೇ ಸತ್ತರೂ ಕುಣಿ ತೋಡಲು ಮೊದಲು ಸಲಿಕೆ ಹಿಡಿಯುವವನು ಅವನೇ. ಅಲ್ಲಿನ ನೆಲ ಅವನಿಗೆ ಗೊತ್ತು, ಎಲ್ಲಿ ಕಲ್ಲು ಹತ್ತುತ್ತದೆ ಎಂಬುದೂ ಗೊತ್ತು.

"ಎಲ್ಲಿ ತೋಡಲಿ?" ಅಂದ.

"ನಿನಗ ಗೊತ್ತಿಲ್ಲೇನು? ಅವ್ವನ ಎಡಕ್ಕ."

ಆ ಜಾಗ ನಾನು ಹಿಡಿದಿಟ್ಟು ಬಹಳ ವರ್ಷವಾಗಿತ್ತು. ನನ್ನ ತಾಯಿ ಗ್ಯಾನಮ್ಮನ ಗೋರಿಯ ಎಡಕ್ಕೆ ಗಾಳೆಮ್ಮ, ಬಲಕ್ಕೆ ನಾನು. ಒಂದು ಸಲ ಅವಳನ್ನು ಕರೆದುಕೊಂಡು ಹೋಗಿ ತೋರಿಸಿಯೂ ಇದ್ದೆ. "ಇಲ್ಲಿ ನೀ, ಅಲ್ಲಿ ನಾ." ಅವಳು ನಕ್ಕು, "ಸತ್ತ ಮ್ಯಾಲೂ ನಿಮ್ಮವ್ವ ನಡುವನಾಗ ಮಲಗ್ತಾಳೇನು?" ಅಂದಿದ್ದಳು. ನಾನೂ ನಕ್ಕಿದ್ದೆ. ಅದರಾಚೆ ಏನೂ ಕೇಳಿರಲಿಲ್ಲ.

ಆ ಸ್ಮಶಾನದ ಮಾತು ಹೇಳದೆ ಮುಂದೆ ಹೋಗಲಾಗದು. ಆದರೆ ಮೊದಲು ಅವಳ ಮಾತು.

ಗಾಳೆಮ್ಮ ಸಾಲಗುಂದದವಳು, ಕಾಲುವೆ ನೀರಿನ ಸೀಮೆಯವಳು. ನಮ್ಮದು ಮಸ್ಕಿಗೂ ಪಾಮನಕಲ್ಲೂರಿಗೂ ನಡುವಿನ ಒಣ ಊರು. ಸಜ್ಜೆ, ತೊಗರಿ, ಮೋಡ ನೋಡುವ ಜನ. ಮದುವೆಯಾಗಿ ಬಂದ ಮೂರನೇ ದಿನ ನಮ್ಮವ್ವನನ್ನು, "ಅತ್ತಿ, ಇಲ್ಲಿ ನೆಲ ಯಾಕ ಹಿಂಗ ಬಾಯಿ ತಕ್ಕೊಂಡು ಕುಂತೈತಿ?" ಎಂದು ಕೇಳಿದಳಂತೆ. ಅವ್ವ, "ನಿನ್ನ ಗಂಡನ ಹಂಗ, ಸುಮ್ಮನ ಮುಚ್ಚಂಗಿಲ್ಲ," ಅಂದಳಂತೆ. ಅವತ್ತಿನಿಂದ ಇಬ್ಬರೂ ಒಂದು ಪಕ್ಷ, ನಾನು ವಿರೋಧ ಪಕ್ಷ.

ನಾಟಿಯ ಕಾಲಕ್ಕೆ ಅವಳು ವರ್ಷಕ್ಕೆರಡು ಸಲ ಕಾಲುವೆ ಸೀಮೆಗೆ ಹೋಗುತ್ತಿದ್ದಳು, ಇಪ್ಪತ್ತೆರಡು ಹೆಂಗಸರನ್ನು ಕಟ್ಟಿಕೊಂಡು. ಗ್ಯಾಂಗಿಗೆ ಅವಳೇ ಮುಂದಾಳು, ನಾಟಿಯ ಸಾಲಿನಲ್ಲಿ ಎಡದ ತುದಿ ಅವಳದು. ಗದ್ದೆಗೆ ಇಳಿಯುವ ಮೊದಲು ಬದುವಿನಲ್ಲಿ ನಿಂತು ಮಾಲೀಕನ ಬಾಯಿಂದ ಎರಡು ಮಾತು ಆಡಿಸುತ್ತಿದ್ದಳು. ಕೆಸರಿನ ಆಳ ಕಾಲಿಂದ ನೋಡುವಂತೆ ಅವನ ನಾಲಿಗೆಯ ಆಳ ಕಿವಿಯಿಂದ ನೋಡುವವಳು. ಒಮ್ಮೆ ಯಾರೋ ಒಬ್ಬ, ಕೆಲಸದ ನಡುವೆ ಒಬ್ಬ ಹುಡುಗಿಯನ್ನು ಜಾತಿ ಹಿಡಿದು ಕೂಗಿದ. ಗಾಳೆಮ್ಮ ಬಾಯಿ ತೆರೆಯಲಿಲ್ಲ. ಕೈಯಲ್ಲಿದ್ದ ಸಸಿಯ ಕಟ್ಟು ನೀರಿಗೆ ಬಿಟ್ಟಳು, ಕೆಸರಿನಿಂದ ಕಾಲು ಎತ್ತಿದಳು, ಬದುವಿನ ಮೇಲೆ ಹೋಗಿ ಕುಳಿತಳು. ಅವಳ ಹಿಂದೆ ಇಪ್ಪತ್ತೆರಡೂ ಜನ. ಯಾರೂ ಒಂದು ಮಾತಾಡಲಿಲ್ಲ. ಕಿತ್ತ ಸಸಿ ಬಿಸಿಲಿಗೆ ಬಾಡುತ್ತದೆ, ಅದು ಅವನಿಗೂ ಗೊತ್ತು ಇವರಿಗೂ ಗೊತ್ತು. ಅವನು ಬೈದ, ಪುಸಲಾಯಿಸಿದ, ಚಹಾ ತರಿಸಿದ. ಚಹಾ ಕುಡಿದು ಮತ್ತೆ ಸುಮ್ಮನೆ ಕುಳಿತರು. ಒಂದೂವರೆ ತಾಸಿಗೆ ಅವನು ಆ ಹುಡುಗಿಯ ಹೆಸರು ಕೇಳಿಕೊಂಡು, ಹೆಸರು ಹಿಡಿದು, ತಪ್ಪಾಯಿತು ಅಂದ. ಎದ್ದರು, ಇಳಿದರು, ನಾಟಿ ಮುಗಿಸಿದರು. ನಾವು ನಾಲ್ಕು ದಿನ ಘೋಷಣೆ ಕೂಗಿಯೂ ಪಡೆಯದ್ದನ್ನು ಅವಳು ಕಾಲು ಎತ್ತಿ ಪಡೆದುಕೊಂಡು ಬಂದಿದ್ದಳು. ಬಂದು ನನಗೆ ಹೇಳಲೂ ಇಲ್ಲ. ಲಾಲ್‌ಬೀ ಹೇಳಿದ್ದು.

ನಾನು ಜೈಲಿಗೆ ಹೋದಾಗ ಗಂಗಾಧರ ಕಂಕುಳ ಕೂಸು. ಇಪ್ಪತ್ತನೇ ದಿನ ಭೇಟಿಗೆ ಬಂದಳು. ಉಳಿದ ಹೆಂಗಸರು ಸರಳು ಹಿಡಿದು ಅಳುತ್ತಿದ್ದರು. ಇವಳು, "ರೇಷನ್ ಕಾರ್ಡ್ ಎಲ್ಲಿ ಇಟ್ಟೀ? ಮನಿ ಎಲ್ಲಾ ಹುಡುಕಿ ಸಾಕಾಗೇತಿ," ಅಂದಳು. ಕರಪತ್ರಗಳ ಕಟ್ಟಿನಲ್ಲಿ ಇಟ್ಟಿದ್ದೆ. "ಆ ಕಟ್ಟು ಒಲಿಗೆ ಹಾಕೀನಿ," ಅಂದಳು. ಅವಳ ಮುಖ ನೋಡಿದೆ. "ಕಾರ್ಡ್ ತಕ್ಕೊಂಡೇ ಹಾಕೀನಿ ಬಿಡು. ನೀ ಹೇಳ್ತಿಯೋ ಇಲ್ಲೋ ನೋಡಾಕ ಕೇಳಿದೆ," ಅಂದು ಹೋದಳು.

ನಾವು ಕೇರಿಯ ನಲವತ್ತು ಮನೆ ಬೌದ್ಧರಾದಾಗ ಬುದ್ಧನ ಫೋಟೊ ತಂದು ಗೋಡೆಗೆ ಹಾಕಿದೆ. ಬಹಳ ಹೊತ್ತು ನೋಡಿದಳು. "ಕಣ್ಣು ಮುಚ್ಕೊಂಡು ಕುಂತಾನ. ಅದು ತಾ, ಇದು ತಾ ಅನ್ನಂಗಿಲ್ಲ. ಇರ್ಲಿ ಬಿಡು," ಅಂದಳು. ಪಕ್ಕದಲ್ಲಿ ದುರುಗಮ್ಮನ ಫೋಟೊ ಹಾಗೇ ಉಳಿಯಿತು. ಅದನ್ನು ತೆಗೆಸಲು ನಾನು ಮಾಡಿದ ಭಾಷಣ ನನ್ನ ಜೀವನದಲ್ಲಿ ಸೋತ ಭಾಷಣಗಳಲ್ಲೊಂದು.

ಇನ್ನು ಸ್ಮಶಾನ. ಮೊದಲು ನಮ್ಮ ಕೇರಿಗೆ ಹೂಳುವ ಜಾಗವೇ ಇರಲಿಲ್ಲ. ಹಳ್ಳದ ದಂಡೆಯಲ್ಲಿ ಹೂಳುತ್ತಿದ್ದೆವು. ಮಳೆಗಾಲದಲ್ಲಿ ಹಳ್ಳ ಬಂದರೆ ಎಲುಬು ತೇಲುತ್ತಿದ್ದವು. ಹನ್ನೊಂದು ವರ್ಷ ಅರ್ಜಿ ಕೊಟ್ಟೆವು. ಇಪ್ಪತ್ತೈದು ವರ್ಷದ ಹಿಂದೆ, ಮೇ ತಿಂಗಳಲ್ಲಿ, ಅವ್ವ ಸತ್ತಳು. ಅದೇ ವಾರ ಹಳ್ಳದ ದಾರಿಗೆ ಹೊಲದವರು ಮುಳ್ಳುತಂತಿ ಹಾಕಿದ್ದರು. ನಾನು ಅವ್ವನ ಹೆಣವನ್ನು ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ತಹಶೀಲ್ದಾರ್ ಕಚೇರಿಯ ಮುಂದೆ ಒಯ್ದಿಟ್ಟೆ. ಜಾಗ ಮಂಜೂರಾಗದೆ ಎತ್ತುವುದಿಲ್ಲ ಎಂದು ಕುಳಿತೆವು. ಎರಡನೇ ದಿನ ಮಧ್ಯಾಹ್ನ ಆದೇಶ ಕೈಗೆ ಬಂತು, ಒಂದೂವರೆ ಎಕರೆ. ನಾನು ಆ ಕಥೆಯನ್ನು ರಾಯಚೂರಿನಿಂದ ಕಲಬುರಗಿವರೆಗೆ ಹೇಳಿದ್ದೇನೆ. "ನಮ್ಮವ್ವ ಸತ್ತೂ ಗೆದ್ದಳು" ಎಂದು ಮುಗಿಸುತ್ತಿದ್ದೆ. ಚಪ್ಪಾಳೆ ಬೀಳುತ್ತಿತ್ತು. ನಾನು ಆ ಕಥೆ ಶುರು ಮಾಡಿದಾಗಲೆಲ್ಲ ಗಾಳೆಮ್ಮ ಎದ್ದು ಹೋಗುತ್ತಿದ್ದಳು. ಅತ್ತೆಯ ನೆನಪಿಗೆ ಅಳು ಬರುತ್ತದೆ ಪಾಪ, ಎಂದು ತಿಳಿದಿದ್ದೆ.

ಸತ್ತ ದಿನದ ಮಾತಿಗೆ ಬರುತ್ತೇನೆ. ಎಂಟೂವರೆಗೆ ದೀಪಾ ಬಂದಳು. ಜೊತೆಗೆ ಡಾಕ್ಟರರನ್ನೂ ಕರೆತಂದಿದ್ದಳು. ಅವರು ನೋಡಿ, ಎದೆ ನಿಂತಿದೆ, ಒಂದು ಕ್ಷಣದಲ್ಲಿ ಆಗಿದೆ ಅಂದು ಕಾಗದ ಬರೆದುಕೊಟ್ಟರು. ದೀಪಾ ಅಜ್ಜಿಯ ಪಾದದ ಹತ್ತಿರ ಸ್ವಲ್ಪ ಹೊತ್ತು ಕುಳಿತಳು. ಮುಖ ಒರೆಸಿಕೊಂಡು ಎದ್ದು, ಬ್ಯಾಗಿನಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದಳು.

"ತಾತ, ಇದನ್ನ ನೋಡು. ಜಲ್ದಿ ನೋಡು."

ದೇಹದಾನದ ಫಾರ್ಮು. ಮೇಲೆ ರಾಯಚೂರಿನ ಮೆಡಿಕಲ್ ಕಾಲೇಜಿನ ಹೆಸರು. ಕೆಳಗೆ ಗಾಳೆಮ್ಮನ ಸಹಿ. ಅಕ್ಷರ ದೊಡ್ಡವು, 'ಳೆ'ಯ ಎತ್ವ ಗೆರೆ ದಾಟಿ ಹೊರಗೆ ಬಂದಿತ್ತು. ಸಾಕ್ಷಿ ಒಂದು, ದೀಪಾ. ಸಾಕ್ಷಿ ಎರಡು, ಲಾಲ್‌ಬೀಯ ಹೆಬ್ಬೆಟ್ಟು.

ನನಗೆ ಓದಿದ್ದು ತಲೆಗೆ ಹೋಗಲಿಲ್ಲ. ತಾರೀಖು ನೋಡಿದೆ. ಎರಡು ವರ್ಷದ ಹಿಂದಿನ ಏಪ್ರಿಲ್ ಹದಿನಾಲ್ಕು. ಸಿಂಧನೂರಿನಲ್ಲಿ ನಮ್ಮ ಸಂಘಟನೆಯವರೇ ಮಾಡಿದ ಶಿಬಿರ. ನಾನೇ ನಲವತ್ತು ನಿಮಿಷ ಮಾತಾಡಿದ್ದೆ. ಸತ್ತ ದೇಹ ಮಣ್ಣಿಗೆ ಬೇಡ, ವಿದ್ಯೆಗೆ ಬೇಕು ಎಂದು. ಮೂವತ್ತೊಂದು ಜನ ಹೆಸರು ಬರೆಸಿದರು. ನಾನು ಬರೆಸಲಿಲ್ಲ. "ನಂದು ನಾಳಿ ಬರಕೊಳ್ರಿ," ಎಂದು ಊಟಕ್ಕೆ ಹೋದೆ. ಆ ನಾಳೆ ಬಂದಿಲ್ಲ. ಗಾಳೆಮ್ಮ ಹೆಂಗಸರ ಜೊತೆ ಊಟಕ್ಕೆ ಬಂದವಳು, ಹದಿನಾಲ್ಕನೇ ಹೆಸರು ಬರೆಸಿ ಹೋಗಿದ್ದಳು.

"ಮಧ್ಯಾಹ್ನ ಎರಡರೊಳಗ ಮುಟ್ಟಸ್ಬೇಕು," ಅಂದಳು ದೀಪಾ. "ಎರಡು ತಾಸಿನ ದಾರಿ. ಗಾಡಿಗೆ ಹೇಳೀನಿ. ಮನಿಯವರು ಒಪ್ಪಿ ಸಹಿ ಮಾಡ್ಲಿಲ್ಲಂದ್ರ ಅವರು ತಗೊಳ್ಳಂಗಿಲ್ಲ. ನೀ ಮಾಡಬೇಕು ತಾತ."

"ಮಾಡಂಗಿಲ್ಲ," ಅಂದೆ.

ದೀಪಾ ನನ್ನನ್ನೇ ನೋಡಿದಳು.

"ಶಿಬಿರದಾಗ ನೀನೇ ಹೇಳಿದೆಲ್ಲ?"

"ಹೇಳೀನಿ. ಮಂದಿಗೆ ಹೇಳೀನಿ."

"ಅಜ್ಜಿ ಮಂದಿ ಅಲ್ಲೇನು?"

ಗಂಗಾಧರ ಅಷ್ಟರಲ್ಲಿ ಬಂದಿದ್ದ. ಅವನೂ ನನ್ನ ಕಡೆಗೇ ನಿಂತ. "ಅಪ್ಪ ಹನ್ನೊಂದು ವರ್ಷ ಬಡದಾಡಿ ತಗೊಂಡ ಜಾಗ. ಅಲ್ಲಿ ಅವ್ವನ್ನ ಮಣ್ಣು ಮಾಡ್ಲಿಲ್ಲಂದ್ರ ಊರು ಏನಂತೈತಿ? ಬೌದ್ಧರು ಹೆಣ ಮಾರ್ಯಾರ ಅಂತೈತಿ," ಅಂದ. ಮೂರನೇ ದಿನ ಎಡೆ ಇಡುವುದು ಎಲ್ಲಿ ಎಂದು ಕೇರಿಯ ಹೆಂಗಸರು ಕೇಳಿದರು. ಗೋರಿಯೇ ಇಲ್ಲದಿದ್ದರೆ ಎಡೆ ಎಲ್ಲಿ? ಆ ಮಾತು ನನಗೆ ಅನುಕೂಲವಾಗಿತ್ತು. ದುರುಗಮ್ಮನ ಫೋಟೊ ತೆಗೆಸಲು ಹೊರಟಿದ್ದವನು ನಾನು. ಈಗ ಎಡೆಯ ಮಾತು ಹಿಡಿದು ನಿಂತೆ.

ಒಂಬತ್ತೂವರೆ. ಆಗ ದುರುಗೇಶ ಬಂದ. ನನ್ನ ತಂಗಿಯ ಮಗ. ಈಗ ಸಂಘಟನೆ ನಡೆಸುವವನು ಅವನೇ. ಕೈ ಹಿಡಿದು ಅತ್ತ. ನಿಜವಾಗಿಯೇ ಅತ್ತ. ಅವನು ಓದುವಾಗ ನಾಲ್ಕು ವರ್ಷ ರೊಟ್ಟಿ ಹಾಕಿದವಳು ಗಾಳೆಮ್ಮ. ಆಮೇಲೆ ನನ್ನನ್ನು ಮೂಲೆಗೆ ಕರೆದ.

"ಮಾವ, ತಪ್ಪು ತಿಳ್ಕೋಬ್ಯಾಡ. ಸೋಮವಾರ ಸರ್ವೆದವರು ಬರ್ತಾರ."

ಅದು ನನಗೂ ಗೊತ್ತಿತ್ತು. ಸ್ಮಶಾನದ ಹಿಂದಿನ ಹೊಲದವರು ಅಲ್ಲಿ ಪ್ಲಾಟ್ ಹಾಕುತ್ತಿದ್ದಾರೆ. ಅದಕ್ಕೆ ದಾರಿ ಬೇಕು. ನಮ್ಮ ಒಂದೂವರೆ ಎಕರೆಯ ಪೂರ್ವದ ಅಂಚಿನಲ್ಲಿ ಇಪ್ಪತ್ತು ಅಡಿ ಅಗಲದ ಪಟ್ಟಿ ಅಳೆಯುತ್ತಾರೆಂದು ಸುದ್ದಿ.

"ಮಣ್ಣಿಗೆ ಒಯ್ಯೋ ಮುಂದ ಮಸ್ಕಿಗೆ ಒಯ್ದು ಕಚೇರಿ ಮುಂದ ಇಡೋಣ. ಎರಡೇ ತಾಸು. ಟಿವಿಯವರಿಗೆ ನಾ ಹೇಳ್ತೀನಿ. ಸರ್ವೆ ರದ್ದು ಅಂತ ಬರಕೊಟ್ಟ ಕೂಡ್ಲೇ ಎತ್ತೋಣ. ಅತ್ತಿ ಬದುಕಿದ್ರ ಒಪ್ತಿದ್ಲು ಮಾವ."

ನಾನು ಅವನ ಕಪಾಳಕ್ಕೆ ಹೊಡೆಯಬೇಕಿತ್ತು. ಹೊಡೆಯಲಿಲ್ಲ. ಯಾಕೆಂದರೆ ಆ ಯೋಚನೆ ಅವನಿಗಿಂತ ಮೊದಲು ನನಗೆ ಬಂದಿತ್ತು. ಏಳೂವರೆಗೆ, ಹುಸೇನ್‌ಸಾಬ್ ಸಲಿಕೆ ಹೊತ್ತು ಹೋದ ಬೆನ್ನಿಗೇ ಬಂದಿತ್ತು. ಅವಳ ಅಂಗೈ ಇನ್ನೂ ಬೆಚ್ಚಗಿತ್ತು, ನಾನು ಹಿಡಿದುಕೊಂಡಿದ್ದೆ. ಹಿಡಿದುಕೊಂಡೇ ಲೆಕ್ಕ ಹಾಕುತ್ತಿದ್ದೆ. ಇವತ್ತು ಶುಕ್ರವಾರ, ಕಚೇರಿ ಹತ್ತಕ್ಕೆ ತೆರೆಯುತ್ತದೆ, ಟ್ರ್ಯಾಕ್ಟರ್ ಯಾರದು ಸಿಗುತ್ತದೆ, ಎಷ್ಟು ಜನ ಕೂಡುತ್ತಾರೆ.

ಅಷ್ಟು ವರ್ಷ ಬಾಳಿದ ಹೆಂಡತಿಯ ಕೈ ಹಿಡಿದು ಹಾಕಿದ ಲೆಕ್ಕ ಇದು. ಯಾರಿಗೂ ಹೇಳಿರಲಿಲ್ಲ. ಇಲ್ಲಿ ಬರೆದಿದ್ದೇನೆ.

"ನೋಡೋಣ," ಅಂದೆ ದುರುಗೇಶನಿಗೆ.

ಆ 'ನೋಡೋಣ'ದ ಅರ್ಥ ಚಳವಳಿಯವರಿಗೆಲ್ಲ ಗೊತ್ತು. ಅವನು ಫೋನ್ ತೆಗೆದ. ಆ ಹೊತ್ತಿಗೆ ಲಾಲ್‌ಬೀ, ಹೆಣದ ತಲೆಯ ಹತ್ತಿರ ಕುಳಿತಿದ್ದವಳು, ಎದ್ದು ನಮ್ಮತ್ತ ಬಂದಳು. ಅವಳಿಗೆ ಮಂಡಿ ನೋವು, ಗೋಡೆ ಹಿಡಿದು ನಡೆಯುತ್ತಾಳೆ.

"ಏನು ಗುಸುಗುಸು ಹಚ್ಚೀರಿ? ಕಚೇರಿಗೆ ಒಯ್ಯೋದೇನು?"

ದುರುಗೇಶ ಫೋನ್ ಬೆನ್ನ ಹಿಂದೆ ಹಿಡಿದ.

"ಬಾಯಿ ಬಿಡ್ಲಿಲ್ಲಂದ್ರ ಹೌದು ಅಂತೇ ಅರ್ಥ," ಅಂದಳು. ನನ್ನ ಮುಖಕ್ಕೆ ಮುಖ ಕೊಟ್ಟು ನಿಂತಳು. "ಪಕೀರಣ್ಣ, ಆಕಿ ನಿನಗ ಹೇಳಬ್ಯಾಡ ಅಂದಿದ್ಲು. ಈಗ ಹೇಳ್ತೀನಿ. ಹೆಬ್ಬೆಟ್ಟು ಒತ್ತಾಗ ನಾ ಕೇಳಿದೆ, ಯಾಕ ಬೇ, ನಿನ್ನ ಗಂಡ ಗೆದ್ದ ಜಾಗ ಬಿಟ್ಟು ದವಾಖಾನಿಗೆ ಯಾಕ ಹೊಂಟೀ ಅಂತ. ಏನಂದ್ಲು ಗೊತ್ತೇನು? 'ನಮ್ಮತ್ತಿ ಹೆಣ ಎರಡು ದಿನ ಬಿಸಲಾಗ ಕುಂತಿತ್ತು ಲಾಲ್‌ಬೀ. ನಾ ಸತ್ರ ನನ್ನನ್ನೂ ಒಯ್ದು ಇಡ್ತಾನ. ಕೆಟ್ಟಾಂವ ಅಲ್ಲ ಅಂವ. ಆದ್ರ ಹೆಣ ಕಂಡ್ರ ಅಂವನ ಕೈ ಸುಮ್ಮನಿರಂಗಿಲ್ಲ. ದವಾಖಾನಿ ಹುಡುಗರು ಕೊಯ್ದರ ಕೊಯ್ಲಿ. ಅವರು ಭಾಷಣ ಮಾಡಂಗಿಲ್ಲ.' ನಿನ್ನ ಸಲುವಾಗೇ ಬರದಾಳ. ತಿಳಿತೇನು?"

ಅಂಗಳದಲ್ಲಿ ಐವತ್ತು ಜನ ಇದ್ದರು. ಎಲ್ಲರಿಗೂ ಕೇಳಿಸಿತು. ಎಲ್ಲೋ ಒಂದು ಕೂಸು ಅಳುತ್ತಿತ್ತು, ಅದನ್ನು ಯಾರೋ ಎದೆಗೆ ಹಾಕಿಕೊಂಡರು.

ನಾನು ಕಟ್ಟೆಯ ಮೇಲೆ ಕುಳಿತೆ. ಬೆಳಿಗ್ಗೆಯ ಪೇಪರ್ ಅಲ್ಲೇ ಇತ್ತು. ಆ ಎರಡು ದಿನ ಕಣ್ಣ ಮುಂದೆ ಬಂದವು. ನಾನು ಭಾಷಣದಲ್ಲಿ ಹೇಳುವ ಎರಡು ದಿನ ಅಲ್ಲ. ಮೇ ತಿಂಗಳು. ಶಾಮಿಯಾನ ಭಾಷಣ ಮಾಡುವವರ ಮೇಲಿತ್ತು, ಹೆಣದ ಮೇಲಿರಲಿಲ್ಲ. ಹೆಣ ಕಚೇರಿಯ ಬಾಗಿಲಿಗೆ ನೇರ ಕಾಣಬೇಕೆಂದು ನಾನೇ ಮುಂದೆ ಇಡಿಸಿದ್ದೆ. ಗಾಳೆಮ್ಮ ಪಕ್ಕದಲ್ಲಿ ಕುಳಿತು ಬೇವಿನ ಟೊಂಗೆಯಿಂದ ನೊಣ ಓಡಿಸುತ್ತಿದ್ದಳು. ಊಟಕ್ಕೆ ಎದ್ದಿರಲಿಲ್ಲ. ಬಟ್ಟೆ ತೋಯಿಸಿ ತೋಯಿಸಿ ಅವ್ವನ ಮೇಲೆ ಹಾಕುತ್ತಿದ್ದಳು. ಎರಡನೇ ದಿನ ಬೆಳಿಗ್ಗೆ ವಾಸನೆ ಶುರುವಾಯಿತು. ಹೊಟ್ಟೆ ಉಬ್ಬಿತ್ತು. ಮೂಗಿನಿಂದ ಏನೋ ಇಳಿಯುತ್ತಿತ್ತು. ಅವಳು ಸೆರಗಿನಿಂದ ಒರೆಸುತ್ತಿದ್ದಳು. ಹನ್ನೊಂದು ಗಂಟೆಗೆ ಮೈಕಿನ ಹತ್ತಿರ ಬಂದು ನನ್ನ ಅಂಗಿ ಜಗ್ಗಿದಳು.

"ಸಾಕು ನಡಿ. ಆಕಿ ಮಾನ ಹೊಂಟೈತಿ."

"ಇನ್ನೊಂದು ತಾಸು ತಡಿ," ಅಂದಿದ್ದೆ. ಮೈಕಿಗೆ ಕೈ ಅಡ್ಡ ಇಟ್ಟು ಅಂದಿದ್ದೆ. "ದೊಡ್ಡ ಸಾಹೇಬ್ರು ಬರಾಕತ್ಯಾರ."

ಅವಳು ಮರಳಿ ಹೋಗಿ ಟೊಂಗೆ ಹಿಡಿದಳು. ಅದಾದ ಮೇಲೆ ಸಾಹೇಬರು ಬಂದದ್ದು ಒಂದು ತಾಸಿಗಲ್ಲ, ಮೂರು ತಾಸಿಗೆ. ಜಾಗ ಸಿಕ್ಕಿತು. ಅದು ಸುಳ್ಳಲ್ಲ. ಆ ಜಾಗ ಇಲ್ಲದಿದ್ದರೆ ಇವತ್ತಿಗೂ ನಮ್ಮವರ ಎಲುಬು ಹಳ್ಳದಲ್ಲಿ ತೇಲುತ್ತಿದ್ದವು. ಹಾಗೆ ಕುಳಿತದ್ದು ತಪ್ಪೆಂದು ನಾನು ಇವತ್ತೂ ಹೇಳುವುದಿಲ್ಲ. ಆದರೆ ನನ್ನ ತಾಯಿಯ ಹೆಣದ ಹತ್ತಿರ ನಾನು ಆ ಎರಡು ದಿನದಲ್ಲಿ ಎಷ್ಟು ಹೊತ್ತು ಕುಳಿತೆ? ನೆನಪು ಮಾಡಿಕೊಂಡು ನೋಡಿದೆ. ಫೋಟೊ ತೆಗೆಯುವವರು ಬಂದಾಗ ಕುಳಿತಿದ್ದೆ.

ಇದೆಲ್ಲ ನೋಡಿದವಳು ಇಪ್ಪತ್ತೈದು ವರ್ಷ ನನಗೆ ರೊಟ್ಟಿ ಹಾಕಿದ್ದಾಳೆ. ಒಮ್ಮೆಯೂ ಎತ್ತಿ ಆಡಲಿಲ್ಲ. ನನ್ನಿಂದ ತಪ್ಪಿಸಿಕೊಳ್ಳುವ ದಾರಿಯನ್ನು ನಾನೇ ಕರೆದ ಶಿಬಿರದಲ್ಲಿ, ನನ್ನದೇ ಭಾಷಣದ ಕೆಳಗೆ ಕುಳಿತು, ಸಹಿ ಹಾಕಿ ಮಾಡಿಕೊಂಡಿದ್ದಳು.

ಹತ್ತೂ ಇಪ್ಪತ್ತು. ಗಾಡಿ ಬಂದು ಓಣಿಯ ತುದಿಯಲ್ಲಿ ನಿಂತಿತ್ತು. ದೀಪಾ ಎದುರಿಗೆ ಬಂದು ನಿಂತಳು. ಅವಳ ಕೈಯಲ್ಲಿ ಪೆನ್ನು ಇತ್ತು.

"ಫೋನ್ ಇಡಲೇ ದುರುಗ್ಯಾ," ಅಂದೆ.

"ಮಾವ, ಎಲ್ಲಾರಿಗೂ ಹೇಳೀನಿ, ಹೊಂಟಾರ..."

"ಬ್ಯಾಡ ಅಂತ ಹೇಳು."

"ಜಾಗ ಹೋಗ್ತೈತಿ ಮಾವ!"

"ಹೋದ್ರ ನೀ ನಾ ಇದ್ದೀವಲ್ಲ, ಜೀವಂತ? ಹೋಗಿ ಅಡ್ಡ ಬೀಳೋಣ. ಆಕಿನ್ಯಾಕ ಕರಿತೀ?"

ಸಹಿ ಮಾಡಿದೆ. ಸಾವಿರಾರು ಮನವಿ ಪತ್ರಗಳಿಗೆ ಮಾಡಿದ ಸಹಿ. ಕೊನೆಯ ಅಕ್ಷರ ಗೆರೆ ದಾಟಿತು. ದೀಪಾ ಕಾಗದ ಮಡಚಿದಳು. ಗಂಗಾಧರ ಅವ್ವನ ಪಾದದ ಕಡೆ ಹೋಗಿ ನಿಂತ, ಎತ್ತಲು.

ಹೆಂಗಸರು ಎಣ್ಣೆ ಹಚ್ಚಿ ನೀರು ಹಾಕಲು ಬಂದರು. ಕಾಲೇಜಿನವರು ಹೇಗಿದ್ದರೆ ಹಾಗೇ ತನ್ನಿರಿ ಅಂದಿದ್ದಾರೆಂದು ದೀಪಾ ಹೇಳಿದಳು. "ಒಂದು ತಂಬಿಗಿ ಆದ್ರೂ ಹಾಕ್ರವ್ವ," ಅಂದೆ ನಾನು. ಅವಳೇ ತುಂಬಿಸಿದ ಕೊಡದಿಂದ ಒಂದು ತಂಬಿಗೆ ತೆಗೆದು ಪಾದಕ್ಕೆ ಹಾಕಿದರು.

ಗಾಡಿಯಲ್ಲಿ ನಾನು, ಗಂಗಾಧರ, ದೀಪಾ, ಲಾಲ್‌ಬೀ. ಗಾಡಿ ಮುಖ್ಯ ಓಣಿಯಲ್ಲೇ ಹೋಯಿತು, ಮೆರವಣಿಗೆ ಇಲ್ಲದೆ, ಬಾವುಟ ಇಲ್ಲದೆ. ದಾರಿಯಲ್ಲಿ ಲಾಲ್‌ಬೀ ಒಂದೇ ಮಾತಾಡಿದಳು. "ಬಸ್ಸಿನಾಗ ಕಿಡಕಿ ಸೀಟ್ ಸಿಗ್ಲಿಲ್ಲಂದ್ರ ಕಂಡಕ್ಟರ್ ಜೋಡಿ ಜಗಳ ಹಚ್ಚತಿದ್ಲು. ಇವತ್ತು ಕಿಡಕಿನೇ ಇಲ್ಲದ ಗಾಡಿ." ದೀಪಾ ನಕ್ಕಳು, ನಗುತ್ತಲೇ ಅಳಲು ಶುರು ಮಾಡಿದಳು.

ಒಂದು ಗಂಟೆಗೆ ಮುಟ್ಟಿದೆವು. ಕಾಲೇಜಿನಲ್ಲಿ ಒಬ್ಬ ಮೇಡಂ ಬಂದು ಕಾಗದ ನೋಡಿದರು. ಅಲ್ಲಿದ್ದ ನಾಲ್ಕೈದು ವಿದ್ಯಾರ್ಥಿಗಳು ಎದ್ದು ನಿಂತರು. ಯಾರೂ ಹೇಳಿರಲಿಲ್ಲ, ತಾವಾಗಿಯೇ ನಿಂತರು. ಇಪ್ಪತ್ತು ವರ್ಷದ ಹುಡುಗ ಹುಡುಗಿಯರು, ಯಾವ ಯಾವ ಜಾತಿಯವರೋ. ಮೇಡಂ ರಿಜಿಸ್ಟರ್ ತೆಗೆದು, "ಇವರ ಉದ್ಯೋಗ?" ಎಂದು ಕೇಳಿದರು. ಗಂಗಾಧರ, "ಮನೆಗೆಲಸ," ಅಂದ.

"ಅಲ್ಲ," ಅಂದೆ. "ನಾಟಿ ಗ್ಯಾಂಗಿನ ಮುಂದಾಳು ಅಂತ ಬರಿಯಿರಿ."

ಬರೆದರು. ಒಳಗೆ ಒಯ್ದರು. ಬಾಗಿಲು ಮುಚ್ಚಿತು. ಒಂದು ರಸೀದಿ ಕೊಟ್ಟರು. ಹೊರಗೆ ಬಂದು ಬೇವಿನ ಗಿಡದ ಕೆಳಗೆ ನಿಂತಾಗ ನನಗೆ ಮೊದಲ ಸಲ ತಿಳಿಯಿತು, ಅವಳು ಮನೆಯಲ್ಲಿ ಇರುವುದಿಲ್ಲ ಎಂದು. ಬೆಳಿಗ್ಗೆಯಿಂದ ಅದೊಂದು ತಿಳಿದಿರಲಿಲ್ಲ.

ಸಂಜೆ ಊರಿಗೆ ಬಂದು ನೇರ ಸ್ಮಶಾನಕ್ಕೆ ಹೋದೆ. ಹುಸೇನ್‌ಸಾಬ್ ಕುಣಿಯ ದಂಡೆಯ ಮೇಲೆ ಬೀಡಿ ಸೇದುತ್ತ ಕುಳಿತಿದ್ದ. ಎದೆಮಟ ತೋಡಿಯಾಗಿತ್ತು. ಅವನಿಗೆ ಸುದ್ದಿ ಹೋಗುವ ಮೊದಲೇ ಕೆಲಸ ಮುಗಿದಿತ್ತು. ತೋಡಿದ ಕುಣಿಯನ್ನು ಬರಿದೇ ಮುಚ್ಚುವುದಿಲ್ಲ ನಮ್ಮಲ್ಲಿ.

"ಇದನ್ನೇನು ಮಾಡ್ಲಿ?" ಅಂದ.

"ನನ್ನ ಅಳತಿಗೆ ಬರ್ತೈತೇನು ನೋಡು."

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ನೀ ಆಕೀಗಿಂತ ಗೇಣುದ್ದ. ಇನ್ನೂ ತೋಡಬೇಕು."

"ಈಗೇ ಬ್ಯಾಡ."

"ಅವಸರ ಇಲ್ಲಂದ್ರ ಹಲಗಿ ಮುಚ್ಚಿ ಇಡ್ತೀನಿ. ದನ ಬಿದ್ದೀತು," ಅಂದ. ದೀಪಾ ಆಮೇಲೆ ಕೇಳಿದಳು, ತಾತ ನಿನ್ನ ಫಾರ್ಮೂ ತುಂಬಲೇನು ಎಂದು. ಇಲ್ಲ ಅಂದೆ. ಗಾಳೆಮ್ಮ ಹೋಗಬೇಕಾದಲ್ಲಿ ಹೋದಳು. ನಾನು ಅವ್ವನ ಪಕ್ಕದಲ್ಲೇ ಮಲಗಬೇಕು. ಅವತ್ತು ಕೂತು ನೊಣ ಓಡಿಸುವ ಪಾಳಿ ನನ್ನದಿತ್ತು, ತಪ್ಪಿಸಿಕೊಂಡಿದ್ದೇನೆ.

ಹುಸೇನ್‌ಸಾಬ್ ಹೋದ ಮೇಲೆ ಅವ್ವನ ಗೋರಿಯ ಹತ್ತಿರ ಸ್ವಲ್ಪ ಹೊತ್ತು ಕುಳಿತೆ. ಏನಾದರೂ ಹೇಳೋಣವೆಂದರೆ ಬಾಯಿಗೆ ಬರಲಿಲ್ಲ. ಮೈಕ್ ಇಲ್ಲದಿದ್ದರೆ ನಿನಗೆ ಮಾತು ಹೊರಡುವುದಿಲ್ಲ ಎಂದು ಗಾಳೆಮ್ಮ ಅನ್ನುತ್ತಿದ್ದಳು.

ಸೋಮವಾರ ಸರ್ವೆಯವರು ಬಂದರು. ನಾನು, ದುರುಗೇಶ, ಹತ್ತು ಹನ್ನೆರಡು ಹುಡುಗರು ಮೊದಲೇ ಹೋಗಿ ನಿಂತಿದ್ದೆವು. ಸರಪಳಿ ಎಳೆಯುವ ಹೊತ್ತಿಗೆ ಊರ ಕಡೆಯಿಂದ ಒಂದು ಟ್ರ್ಯಾಕ್ಟರ್ ಬಂತು. ಟ್ರಾಲಿಯಿಂದ ಹೆಂಗಸರು ಇಳಿದರು. ಲಾಲ್‌ಬೀಯನ್ನು ಇಬ್ಬರು ಹಿಡಿದು ಇಳಿಸಿದರು. ನಾಟಿ ಗ್ಯಾಂಗಿನವರು, ಹಳಬರೂ ಹೊಸಬರೂ ಸೇರಿ ಹತ್ತೊಂಬತ್ತು ಜನ. ನಾನು ಕರೆದಿರಲಿಲ್ಲ. ಬಂದವರೇ ಆ ಇಪ್ಪತ್ತು ಅಡಿ ಪಟ್ಟಿಯ ಉದ್ದಕ್ಕೂ ಸಾಲಾಗಿ ಕುಳಿತರು. ನಾಟಿಯ ಸಾಲು ಹೇಗೋ ಹಾಗೆ, ಒಬ್ಬರಿಗೊಬ್ಬರು ಮೊಳ ಬಿಟ್ಟು. ಎಡದ ತುದಿಯಲ್ಲಿ ಒಂದು ಜಾಗ ಖಾಲಿ ಬಿಟ್ಟಿದ್ದರು.

ಸರ್ವೆಯವನು ನೋಡಿದ. "ಏಳ್ರವ್ವ, ಅಳತಿ ಅಷ್ಟೇ," ಅಂದ. ಯಾರೂ ಮಾತಾಡಲಿಲ್ಲ. ಹೊಲದವರು ಬಂದು ಜೋರು ಮಾಡಿದರು. ಯಾರೂ ಮಾತಾಡಲಿಲ್ಲ. ದುರುಗೇಶ ನನ್ನ ಕಿವಿಯಲ್ಲಿ, "ಮಾವ, ಮೈಕ್ ಗಾಡ್ಯಾಗ ಐತಿ. ತರಲೇನು?" ಅಂದ.

"ಸುಮ್ಮನ ಕುಂದ್ರು," ಅಂದೆ.

"ನಾ ಎಲ್ಲಿ ಕುಂದ್ರಲಿ?"

ಲಾಲ್‌ಬೀ ತಿರುಗದೆಯೇ ಹೇಳಿದಳು, "ಎಲ್ಲಾದ್ರೂ ಕುಂದ್ರೋ ನಮ್ಮಪ್ಪ. ಆ ತುದಿ ಮಾತ್ರ ಬಿಡು."

ಮಧ್ಯಾಹ್ನದ ಹೊತ್ತಿಗೆ ಸರ್ವೆಯವರು ಸರಪಳಿ ಸುತ್ತಿಕೊಂಡು ಹೋದರು. ಹದಿನೈದು ದಿನಕ್ಕೆ ಮತ್ತೆ ಬರುತ್ತಾರಂತೆ. ಬರಲಿ. ಹೆಂಗಸರು ಎದ್ದು ಸೀರೆಯ ಮಣ್ಣು ಜಾಡಿಸಿಕೊಂಡು ಟ್ರ್ಯಾಕ್ಟರ್ ಹತ್ತಿದರು. ಸಾಲಗುಂದದ ಕಡೆ ಎರಡನೇ ಬೆಳೆಯ ನಾಟಿ ಶುರುವಾಗಿತ್ತು, ಅರ್ಧ ದಿನದ ಕೆಲಸ ಬಿಟ್ಟು ಬಂದಿದ್ದರು.